ಹಕ್ಕಿಯ ನೆಲೆಯನ್ನು ಅರಸಿದ ಜೋಸೆಫ್ ಗ್ರಿನೆಲ್

ಹಕ್ಕಿಗೆ ರೆಕ್ಕೆಗಳಿವೆ, ಮನಬಂದೆಡೆಗೆ ಅದು ಹಾರಿಹೋಗಬಲ್ಲುದು. ಆದರೂ ಒಂದೊಂದು ಹಕ್ಕಿ ಒಂದೊಂದು ಎಡೆಯಲ್ಲಿ ಮಾತ್ರ ಕಾಣಸಿಗುವುದೇಕೆ? ಮಕ್ಕಳೂ ಕೇಳಬಹುದಾದ ಈ ಪ್ರಶ್ನೆಯ ಬೆನ್ನುಹತ್ತಿ ಆಯುಷ್ಯವನ್ನೇ ಸವೆಸಿದವನು ಅಮೆರಿಕದ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನೆಲ್.

ಇಂದಿನ ಒಕ್ಲಹೋಮ ರಾಜ್ಯಕ್ಕೆ ಸೇರಿದ ಪ್ರದೇಶದಲ್ಲಿ 1877ನೆಯ ಇಸವಿ ಫೆಬ್ರವರಿ 27ರಂದು ಗ್ರಿನೆಲ್ಲನು ಜನಿಸಿದನು. ಆತನ ತಂದೆ ಅಮೆರಿಕದ ಮೂಲನಿವಾಸಿಗಳ ನಡುವೆ ವೈದ್ಯನಾಗಿದ್ದನು. ಮುಂದೆ ಈ ಕುಟುಂಬವು ಕ್ಯಾಲಿಫೋರ್ನಿಯದ ಪಾಸಡೀನದಲ್ಲಿ ನೆಲಸಿತು. ಹತ್ತೊಂಬತ್ತನೆಯ ವಯಸ್ಸಿನಲ್ಲೇ ಗ್ರಿನೆಲ್ಲನು ಅಲಾಸ್ಕಕ್ಕೆ ಹೋಗಿ ಪಕ್ಷಿಗಳನ್ನು ಸಂಗ್ರಹಿಸಿ ಬಂದನು.

1908ರಲ್ಲಿ ಆನಿ ಅಲೆಗ್ಸಾಂಡರ್ ಎಂಬ ಶ್ರೀಮಂತ ಮಹಿಳೆಯ ಔದಾರ್ಯದಿಂದ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಶೇರುಕ ಪ್ರಾಣಿಗಳ ಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಗ್ರಿನೆಲ್ಲನೇ ಅದರ ಮೊದಲ ನಿರ್ದೇಶಕ. ಕೊನೆಯುಸಿರಿನವರೆಗೂ ಆ ಹೊಣೆಯನ್ನು ಆತನು ಬಿಡಲಿಲ್ಲ. ಹೊಲಗದ್ದೆಗಳೂ ಪಟ್ಟಣಗಳೂ ಹಬ್ಬುತ್ತ ಕ್ಯಾಲಿಫೋರ್ನಿಯದ ಕಾಡುಮೇಡುಗಳ ರೂಪವೇ ಬದಲಾಗುತ್ತಿದ್ದ ಕಾಲವದು. ಇದ್ದುದು ಇದ್ದ ಹಾಗೆಯೇ ದಾಖಲಾಗಬೇಕೆಂಬ ತವಕ ಆತನದು. ಎಲ್ಲಿ, ಯಾವ ದಿನ, ಯಾವ ಪೊದೆಯ ಬಳಿ, ಎಷ್ಟು ಹಕ್ಕಿಗಳನ್ನು ಕಂಡೆವೆಂಬುದನ್ನು ಶಿಷ್ಯರು ಅಂದಂದೇ ಶಾಯಿಯಲ್ಲಿ ಬರೆದಿಡಬೇಕೆಂದು ಆತನು ಕಟ್ಟುನಿಟ್ಟು ಮಾಡಿದ್ದನು. ನಾಳೆ ಬರೆದರಾಯಿತೆನ್ನುವ ನಮ್ಮಂಥವರಿಗೆ ಅಲ್ಲಿ ಎಡೆ ಸಿಕ್ಕುತ್ತಿರಲಿಲ್ಲ!

ಆತನ ಹೆಸರನ್ನು ಉಳಿಸಿದ್ದು ಕ್ಯಾಲಿಫೋರ್ನಿಯ ಥ್ರ್ಯಾಷರ್ ಎಂಬ ಹಾಡುಹಕ್ಕಿ. ಸುಮಾರು ಒಂದು ಅಡಿ ಉದ್ದದ ಕಂದು ಹಕ್ಕಿ. ಕುಡುಗೋಲಿನಂತೆ ಬಾಗಿದ ಕೊಕ್ಕು, ಮೋಟು ರೆಕ್ಕೆ, ನೀಳವಾದ ಬಾಲ. ಪೊದೆಯ ತುದಿಯಲ್ಲಿ ಕುಳಿತು ಇತರ ಹಕ್ಕಿಗಳ ದನಿಯನ್ನೂ ಅನುಕರಿಸುತ್ತ ಬಹಳ ಹೊತ್ತು ಹಾಡುತ್ತದೆ. ಅಪಾಯದ ಸುಳಿವು ಸಿಕ್ಕಿದರೆ ಹಾರುವುದಕ್ಕಿಂತ ಓಡಿ ಮರೆಯಾಗುವುದೇ ಹೆಚ್ಚು. ಕ್ಯಾಲಿಫೋರ್ನಿಯದಲ್ಲಿಯೂ ಅದಕ್ಕೆ ತಾಗಿದ ಮೆಕ್ಸಿಕೋದ ಒಂದು ಮೂಲೆಯಲ್ಲಿಯೂ ಹೊರತು ಜಗತ್ತಿನ ಇನ್ನೆಲ್ಲಿಯೂ ಇದು ಇಲ್ಲ.

ಆ ಸೀಮೆಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ; ಬೇಸಗೆ ಒಣಒಣ. ಇಂಥ ಹವೆಯಲ್ಲಿ ಚಾಪರಲ್ ಎಂಬ ನಿತ್ಯಹಸುರಿನ ಕುರುಚಲು ಕಾಡು ಬೆಳೆಯುತ್ತದೆ. ಮೇಲೆ ಎಲೆಗಳು ಚಪ್ಪರದಂತೆ ಹೆಣೆದುಕೊಂಡಿರುತ್ತವೆ. ಕೆಳಗೆ ನೆಲ ತೆರವಾಗಿರುತ್ತದೆ. ಚಪ್ಪರವು ಹಕ್ಕಿಯನ್ನು ಡೇಗೆಯ ಕಣ್ಣಿನಿಂದ ಮರೆಮಾಡುತ್ತದೆ. ತೆರವು ನೆಲದಲ್ಲಿ ಅದು ಓಡಾಡುತ್ತ ತರಗೆಲೆಗಳನ್ನು ಕೊಕ್ಕಿನಿಂದ ಕೆದಕಿ ಹುಳುಗಳನ್ನೂ ಕಾಳುಗಳನ್ನೂ ಹೆಕ್ಕುತ್ತದೆ. ತಂಪು ಹೆಚ್ಚಿದ ಎತ್ತರದ ಕಾಡು ಅದಕ್ಕೆ ಒಗ್ಗದು. ಬರಡು ಮರುಭೂಮಿಯೂ ಒಗ್ಗದು. ಮರುಭೂಮಿಯಲ್ಲಿ ಅದರ ಜ್ಞಾತಿಗಳಾದ ಬೇರೆ ಥ್ರ್ಯಾಷರುಗಳು ವಾಸಿಸುತ್ತವೆ.

ಹಕ್ಕಿಯ ಎಲ್ಲೆಯನ್ನು ಬರೆಯುವುದು ಯಾವ ಗೋಡೆಯೂ ಅಲ್ಲ, ಶಾಖ, ತೇವ, ಗಿಡಗಂಟಿಗಳೇ ಎಂದು ಗ್ರಿನೆಲ್ಲನು 1917ರ ಲೇಖನದಲ್ಲಿ ತೋರಿಸಿದನು. ಈ ನೆಲೆಗೆ ಆತನಿಟ್ಟ ಹೆಸರು ನಿಚ್. ಹಳೆಯ ಮನೆಗಳ ಗೋಡೆಯಲ್ಲಿ ದೀಪವಿಡುವ ಗೂಡು ಇರುತ್ತದಷ್ಟೆ. ಆ ಶಬ್ದದ ಮೂಲಾರ್ಥ ಅದೇ. ಮೊಟ್ಟೆಯಿಡುವ ಗೂಡೆಂದು ಮಾತ್ರ ತಿಳಿಯಬಾರದು.

1914ರಿಂದ 1920ರವರೆಗೆ ಆತನು ಸಂಗಡಿಗರೊಡನೆ ಯೊಸೆಮಿಟಿ ಪರ್ವತಪ್ರದೇಶದಲ್ಲಿ ತಪ್ಪಲಿನಿಂದ ಶಿಖರದವರೆಗೆ ಅಲೆದು ಪ್ರಾಣಿಪಕ್ಷಿಗಳ ಲೆಕ್ಕವಿಟ್ಟನು. ಈ ಟಿಪ್ಪಣಿಗಳ ನಿಜವಾದ ಬೆಲೆ ತಿಳಿಯಲು ಬಹುಶಃ ನೂರು ವರ್ಷಗಳೇ ಬೇಕಾದಾವೆಂದು 1910ರಷ್ಟು ಹಿಂದೆಯೇ ಆತನು ಬರೆದಿದ್ದನು. 1939ರ ಮೇ 29ರಂದು, ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು.

2003ರಲ್ಲಿ ಅದೇ ಸಂಗ್ರಹಾಲಯದ ವಿಜ್ಞಾನಿಗಳು ಆತನ ಟಿಪ್ಪಣಿಗಳನ್ನು ಹಿಡಿದು ಅದೇ ಜಾಗಗಳಿಗೆ ಮರಳಿ ಹೊರಟರು. ಈ ನಡುವೆ ಅಲ್ಲಿಯ ಹವೆ ಬೆಚ್ಚಗಾಗಿದ್ದಿತು. ಸಿಯೆರಾ ನೆವಾಡ ಪರ್ವತಗಳ 53 ಜಾತಿಯ ಹಕ್ಕಿಗಳ ಅಂದಿನ ಇಂದಿನ ನೆಲೆಗಳನ್ನು ಹೋಲಿಸಿದ ವರದಿಯು 2009ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 48 ಜಾತಿಗಳು ತಮಗೆ ಒಗ್ಗುವ ಶಾಖವನ್ನೋ ಮಳೆಯನ್ನೋ ಹಿಂಬಾಲಿಸಿ ತಮ್ಮ ನೆಲೆಯನ್ನು ಸರಿಸಿಕೊಂಡಿದ್ದುವು.