ವಿದ್ಯಾಧೀರ ಆಶುತೋಷ ಮುಖರ್ಜಿ

ಸರ್ ಆಶುತೋಷ ಮುಖರ್ಜಿಯವರು 1864ರ ಜೂನ್ 29ರಂದು ಕಲಕತ್ತೆಯಲ್ಲಿ ಜನಿಸಿದರು. ಗಣಿತದಲ್ಲಿ ಅವರಿಗೆ ಬಾಲ್ಯದಿಂದಲೂ ಅಪಾರ ಒಲವು. ವಿದ್ಯಾರ್ಥಿದೆಸೆಯಲ್ಲಿಯೇ ಯೂಕ್ಲಿಡ್ಡನ ಪ್ರಮೇಯವೊಂದಕ್ಕೆ ನೂತನ ಸಾಧನೆಯನ್ನು ಕಂಡು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದರು. 1904ರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ಮೇಲೂ ಗಣಿತವನ್ನು ಮರೆಯದೆ, 1908ರಲ್ಲಿ ಕಲಕತ್ತೆಯ ಗಣಿತ ಸಂಘವನ್ನು ಸ್ಥಾಪಿಸಿದರು.

1906ರಿಂದ 1914ರವರೆಗೆ ಅವರು ಕಲಕತ್ತೆಯ ವಿಶ್ವವಿದ್ಯಾನಿಲಯದ ಉಪಕುಲಪತಿಗಳು. ಪರೀಕ್ಷೆಗಳಲ್ಲಿ ಉತ್ತೀರ್ಣರಾಗುವವರು ಹೆಚ್ಚಲು, ವಿದ್ಯೆಯ ಮಟ್ಟವೇ ಕುಸಿಯಿತೆಂದು ಹಲವರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಆದರೆ ದ್ವಾರವನ್ನು ವಿಶಾಲಗೊಳಿಸಿದವರೇ ಶಿಖರವನ್ನೂ ಎತ್ತರಿಸಿದರು. ಅನ್ವಿತ ಗಣಿತಕ್ಕೆ ಗಣೇಶ ಪ್ರಸಾದರನ್ನೂ ಭೌತಶಾಸ್ತ್ರಕ್ಕೆ ಸಿ. ವಿ. ರಾಮನ್‌ರನ್ನೂ ಕರೆತಂದರು, ದೇಶಭಾಷೆಗಳಿಗೆ ಎಂ.ಎ. ತರಗತಿಯಲ್ಲಿ ಸ್ಥಾನ ಕಲ್ಪಿಸಿದರು.

1921ರಲ್ಲಿ ಅವರು ಪುನಃ ಉಪಕುಲಪತಿಗಳಾದಾಗ ವಿಶ್ವವಿದ್ಯಾನಿಲಯದ ಬೊಕ್ಕಸ ಬರಿದಾಗಿದ್ದಿತು. ಸರಕಾರವು 1922ರಲ್ಲಿ ಎರಡೂವರೆ ಲಕ್ಷ ರೂಪಾಯಿಗಳನ್ನು ನಿಬಂಧನೆಗಳೊಡನೆ ನೀಡಬಂದಿತು. ಸೆನೆಟ್ ಸಭೆಯು ಅವರ ನೇತೃತ್ವದಲ್ಲಿ ಅದನ್ನು ನಿರಾಕರಿಸಿತು. ಮರುವರ್ಷ ಗವರ್ನರ್ ಲಿಟ್ಟನ್ನರು, ಸರಕಾರಕ್ಕೆ ಅನುಕೂಲವಾಗಿ ನಡೆಯುವುದಾದರೆ ಪದವಿ ಮುಂದುವರಿಯುವುದೆಂದು ಸೂಚಿಸಲು, ಆಶುತೋಷರು ಆ ಪದವಿಯನ್ನೇ ತೊರೆದರು.

1924ರ ಮೇ 25ರಂದು ಪಾಟ್ನಾದಲ್ಲಿ ಅವರು ದಿವಂಗತರಾದರು. ವಿದ್ಯಾಲಯಕ್ಕೆ ಧನವೂ ಬೇಕು, ಸ್ವಾತಂತ್ರ್ಯವೂ ಬೇಕು. ಎರಡರಲ್ಲೊಂದನ್ನೇ ಆರಿಸಬೇಕಾದಾಗ ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಅವರ ಬಾಳು ನಮ್ಮ ವಿದ್ಯಾರ್ಥಿಗಳಿಗೆ ತೋರುತ್ತಿದೆ.