ನೀರನ್ನು ಅರಿತ ಎಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ

ವಿಶ್ವೇಶ್ವರಯ್ಯನವರ ಹೆಸರು ಕೇಳದ ವಿದ್ಯಾರ್ಥಿ ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಒಬ್ಬನೂ ಹೊರಗೆ ಹೋಗಿರಲಿಕ್ಕಿಲ್ಲ. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಭಾರತರತ್ನ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ, ಇಷ್ಟನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ ಅವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬರುವ ಮೊದಲು ಸುಮಾರು 24 ವರ್ಷ ಮುಂಬಯಿ ಸರಕಾರದ ಚಾಕರಿಯಲ್ಲಿದ್ದರು ಎಂಬುದು ಅನೇಕರಿಗೆ ನೆನಪಿರುವುದಿಲ್ಲ. ನಮ್ಮ ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಆ 24 ವರ್ಷಗಳಲ್ಲಿ ಅವರು ಹೆಚ್ಚಾಗಿ ಮಾಡಿದ ಕೆಲಸ ಊರುಗಳಿಗೆ ಕುಡಿಯುವ ನೀರು ಕೊಡುವುದು, ಹೊಲಗಳಿಗೆ ನೀರು ಹಂಚುವುದು ಮತ್ತು ಊರಿನ ಹೊಲಸು ನೀರನ್ನು ಹೊರಗೆ ಸಾಗಿಸುವುದು. ನೀರಿನ ಚಿಂತೆ ತಪ್ಪದ ನಮ್ಮ ಸೀಮೆಯವರು ಅವರ ಬದುಕಿನ ಈ ಭಾಗವನ್ನು ತಿಳಿದುಕೊಳ್ಳಬೇಕು.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಬೇಗ ತೀರಿಕೊಂಡರು. ಮನೆಯಲ್ಲಿ ಅನುಕೂಲವಿರಲಿಲ್ಲ. ಬೆಂಗಳೂರಿಗೆ ಹೋದ ಹುಡುಗ ಸೋದರಮಾವನ ಆಸರೆ ಪಡೆದು, ಒಂದು ಕೊಡಗಿನ ಕುಟುಂಬದ ಮಕ್ಕಳಿಗೆ ಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರಕಾರ ಕೊಟ್ಟ ವಿದ್ಯಾರ್ಥಿ ವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದ. ಮರುವರ್ಷ, 1884ರಲ್ಲಿ, ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಸಿಕ್ಕಿತು. ನೇಮಕವಾದದ್ದು ನಾಸಿಕಕ್ಕೆ.

ಆ ಕಾಲ ಎಂಥದೆಂದು ಸ್ವಲ್ಪ ನೆನೆಯಬೇಕು. 1876ರಿಂದ 1878ರವರೆಗಿನ ಭೀಕರ ಬರಗಾಲ ನಮ್ಮ ಭಾಗವನ್ನು ಹಣ್ಣು ಮಾಡಿ ಹೋಗಿ ಇನ್ನೂ ಹತ್ತು ವರ್ಷವಾಗಿರಲಿಲ್ಲ. ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಕಾಲರಾ ಬಂದರೆ ಮನೆಮನೆಗಳೇ ಬರಿದಾಗುತ್ತಿದ್ದವು. ಜನ ಅದನ್ನು ದೇವಿಯ ಮುನಿಸೆಂದು ತಿಳಿದು ಹರಕೆ ಹೊರುತ್ತಿದ್ದರು. ಕಲಕತ್ತೆಯಲ್ಲಿ ರಾಬರ್ಟ್ ಕೋಖ್ ಎಂಬ ಜರ್ಮನ್ ವೈದ್ಯರು ಕಾಲರಾದ ರೋಗಾಣುವನ್ನು ಬೇರ್ಪಡಿಸಿ ತೋರಿಸಿದ್ದು ಅದೇ 1884ರಲ್ಲಿ. ಕುಡಿಯುವ ನೀರಿನಲ್ಲಿ ಕಣ್ಣಿಗೆ ಕಾಣದ ಸಾವು ಇರಬಹುದು ಎಂಬ ಮಾತು ಹೀಗೆ ವಿಜ್ಞಾನದ ಮಾತಾಯಿತು. ವಿಶ್ವೇಶ್ವರಯ್ಯನವರು ನೌಕರಿಗೆ ಕಾಲಿಟ್ಟದ್ದು ಆ ಹೊತ್ತಿನಲ್ಲಿ.

ಖಾನದೇಶದಲ್ಲಿ ಪಾಂಜ್ರಾ ನದಿಯ ಅಡ್ಡಲಾಗಿ ಕೊಳವೆ ಹಾಯಿಸಿ ಕಾಲುವೆಯ ನೀರು ದಾಟಿಸಿದ್ದು ಅವರ ಮೊದಲ ಹೆಸರುವಾಸಿ ಕೆಲಸ. ಆದರೆ ಅವರ ಬುದ್ಧಿಯ ನಿಜವಾದ ಪರೀಕ್ಷೆ ನಡೆದದ್ದು 1893ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಂಧ ಪ್ರಾಂತದ ಸಕ್ಕರ್ ಪಟ್ಟಣದಲ್ಲಿ. ಊರ ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿತ್ತು. ನೀರಿಗೆ ಕೊರತೆಯಿಲ್ಲ, ಆದರೆ ಆ ನೀರು ಮಣ್ಣು ಮರಳು ಬೆರೆತ ಕೆಸರು ಬಣ್ಣದ್ದು. ಅದನ್ನು ಗುಡ್ಡದ ಮೇಲಕ್ಕೆ ಎತ್ತಿ, ದೊಡ್ಡ ಶೋಧಕ ತೊಟ್ಟಿಗಳಲ್ಲಿ ಸೋಸಿ ಊರಿಗೆ ಬಿಡಬೇಕೆಂದರೆ ಪುರಸಭೆಯ ಬಳಿ ಅಷ್ಟು ದುಡ್ಡಿರಲಿಲ್ಲ.

ವಿಶ್ವೇಶ್ವರಯ್ಯನವರು ನದಿಯನ್ನೇ ಶೋಧಕವಾಗಿ ಮಾಡಿಕೊಂಡರು. ದಂಡೆಯ ಹತ್ತಿರ ನದಿಯ ಪಾತ್ರದಲ್ಲೇ ಒಂದು ದುಂಡನೆಯ ಬಾವಿ ತೋಡಿಸಿದರು. ನದಿಯ ನೀರು ಮರಳಿನ ಒಳಗಿಂದ ಮೆಲ್ಲಗೆ ಜಿನುಗಿ ಬಾವಿಯೊಳಕ್ಕೆ ಇಳಿಯುವಷ್ಟರಲ್ಲಿ ತಿಳಿಯಾಗುತ್ತಿತ್ತು. ಆ ಬಾವಿಯಿಂದ ಪಾತ್ರದ ಅಡಿಯಲ್ಲೇ ಸುರಂಗ ಕೊರೆಸಿ, ದಂಡೆಯ ಮೇಲಿನ ಪಂಪಿನ ಮನೆಗೆ ನೀರು ತಂದು, ಅಲ್ಲಿಂದ ಗುಡ್ಡದ ತೊಟ್ಟಿಗೆ ಏರಿಸಿದರು. 1895ರ ಹೊತ್ತಿಗೆ ಕೆಲಸ ಮುಗಿದು ಸಕ್ಕರ್ ಪಟ್ಟಣ ತಿಳಿನೀರು ಕುಡಿಯಿತು.

ಮರಳು ನೀರನ್ನು ಹೇಗೆ ತಿಳಿ ಮಾಡುತ್ತದೆ? ದೊಡ್ಡ ಕಣಗಳು ಮರಳಿನ ಸಂದುಗಳಲ್ಲಿ ಸಿಕ್ಕಿಬೀಳುತ್ತವೆ. ಸಣ್ಣ ಕಣಗಳು ಮರಳಿನ ಮೈಗೆ ಅಂಟಿಕೊಳ್ಳುತ್ತವೆ. ನೀರು ನಿಧಾನವಾಗಿ ಇಳಿಯುವಲ್ಲಿ ಮರಳಿನ ಮೇಲೆ ಜೀವಾಣುಗಳ ತೆಳು ಪದರ ಬೆಳೆದು, ರೋಗ ತರುವ ಅಣುಗಳಲ್ಲಿ ಬಹುಪಾಲನ್ನು ಅದೇ ತಡೆಯುತ್ತದೆ. ಹಳ್ಳದ ಮರಳಿನಲ್ಲಿ ವರತಿ ತೋಡಿ ಕೊಡ ತುಂಬಿಕೊಂಡ ನಮ್ಮ ಹಿರಿಯ ತಾಯಂದಿರಿಗೆ ಇದರ ಅನುಭವ ಇತ್ತು. ಆದಿಲಶಾಹಿ ಕಾಲದವರೂ ನೀರಿನ ಗುಣ ಬಲ್ಲವರೇ. ತೊರವಿಯ ಕಡೆಯಿಂದ, ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ವಿಜಾಪುರಕ್ಕೆ ನೀರು ತಂದವರು ನಡುನಡುವೆ ಎತ್ತರದ ಗಂಜ್‌ಗಳನ್ನು ಕಟ್ಟಿದರು. ಅವು ಕೊಳವೆ ಒಡೆಯದಂತೆ ನೀರಿನ ಒತ್ತಡ ತಗ್ಗಿಸುತ್ತಿದ್ದವು, ಜೊತೆಗೆ ಹೂಳು ತಳದಲ್ಲಿ ನಿಲ್ಲುವಂತೆಯೂ ಮಾಡುತ್ತಿದ್ದವು. ವಿಶ್ವೇಶ್ವರಯ್ಯನವರು ಇಂಥ ಅನುಭವದ ತಿಳಿವಿಗೆ ಅಳತೆ ಮತ್ತು ಲೆಕ್ಕ ಸೇರಿಸಿದರು.

ಮುಂದೆ ಸೂರತ್ ನಗರದ ನೀರಿನ ಕೆಲಸ, ಪುಣೆಯ ನೀರಾವರಿ ಕೆಲಸ ಅವರ ಪಾಲಿಗೆ ಬಂದವು. ಕಾಲುವೆಯ ನೀರು ಕೆಲವೇ ರೈತರ ಪಾಲಾಗಿ, ಅತಿ ನೀರುಂಡ ಹೊಲಗಳು ಕೆಡುತ್ತಿದ್ದುದನ್ನು ಅವರು ಕಂಡರು. 1899ರ ನಂತರ ಬ್ಲಾಕ್ ಪದ್ಧತಿ ಜಾರಿಗೆ ತಂದು, ಹೊಲಗಳನ್ನು ಭಾಗ ಮಾಡಿ, ಬೆಳೆ ಬದಲಿಸಿ, ಸರದಿಯಂತೆ ನೀರು ಬಿಡುವ ಏರ್ಪಾಡು ಮಾಡಿದರು. ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟಬೇಕು, ಭೂಮಿ ಸವಳಾಗಬಾರದು ಎಂಬುದು ಅದರ ಉದ್ದೇಶ. ತುಬಚಿ-ಬಬಲೇಶ್ವರ ಏತ ನೀರಾವರಿಯ ಕಾಲುವೆ ಕಾಣುತ್ತಿರುವ ನಮ್ಮ ರೈತರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಖಡಕವಾಸ್ಲಾ ಜಲಾಶಯಕ್ಕೆ ನೆರೆ ಬಂದಾಗ ತಾವಾಗಿ ತೆರೆದು, ನೆರೆ ಇಳಿದಾಗ ತಾವಾಗಿ ಮುಚ್ಚುವ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದ್ದೂ ಅವರೇ. ಒಡ್ಡಿನ ಎತ್ತರ ಹೆಚ್ಚಿಸದೆ ಹೆಚ್ಚು ನೀರು ನಿಲ್ಲಿಸಲು ಅವುಗಳಿಂದ ಸಾಧ್ಯವಾಯಿತು.

ಇದೇ ಅವಧಿಯಲ್ಲಿ ಅವರು ಮುಂಬಯಿ ಸರಕಾರದ ನೈರ್ಮಲ್ಯ ಎಂಜಿನಿಯರ್ ಆಗಿ, ನೈರ್ಮಲ್ಯ ಮಂಡಳಿಯ ಸದಸ್ಯರಾಗಿ ಕೆಲಸ ಮಾಡಿದರು. ಇಂದು ನಾವು ಪರಿಸರ ಎಂಜಿನಿಯರಿಂಗ್ ಎನ್ನುವ ವಿದ್ಯೆಗೆ ಆಗಿನ ಹೆಸರು ಅದು. ಊರಿಗೆ ಶುದ್ಧ ನೀರು ತರುವುದು ಅರ್ಧ ಕೆಲಸ, ಬಳಸಿ ಬಿಟ್ಟ ನೀರನ್ನು ಯಾರಿಗೂ ಕೇಡಾಗದಂತೆ ಸಾಗಿಸುವುದು ಉಳಿದರ್ಧ ಎಂಬುದು ಅವರ ಯೋಜನೆಗಳಲ್ಲಿ ಎದ್ದು ಕಾಣುತ್ತದೆ. 1906ರಲ್ಲಿ ಸರಕಾರ ಅವರನ್ನು ಅರಬಸ್ತಾನದ ಏಡನ್ ಬಂದರಿಗೆ ಕಳಿಸಿತು. ಆ ಒಣ ಊರಿಗೂ ಅವರು ಕುಡಿಯುವ ನೀರು ಮತ್ತು ಚರಂಡಿ ಎರಡರ ಯೋಜನೆಯನ್ನೂ ಕೂಡಿಯೇ ಕೊಟ್ಟರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಆ ವೇಳೆಗೆ ಮುಂಬಯಿ ನೌಕರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರಕಾರ ಕರೆಸಿಕೊಂಡಿತು. ಎಲ್ಲಿ ಎಷ್ಟು ಮಳೆ ಬಿತ್ತು, ಯಾವ ಹಳ್ಳದಿಂದ ಎಷ್ಟು ನೀರು ಬಂತು, ಯಾವ ಕೆರೆ ಎಲ್ಲಿ ಒಡೆಯಿತು ಎಂದು ಅವರು ಮೊದಲು ಲೆಕ್ಕ ಹಾಕಿದರು. ಆಮೇಲೆ ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಲು ಸಲಹೆ ಕೊಟ್ಟರು. ಮುಂದೆ ಅಲ್ಲಿ ಕಟ್ಟಿದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನೆರೆಯನ್ನೂ ತಡೆದವು, ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಆ ನಗರದ ಒಳಚರಂಡಿಯ ಯೋಜನೆಯೂ ಅವರದೇ.

1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು; 1912ರಿಂದ 1918ರವರೆಗೆ ದಿವಾನರಾಗಿದ್ದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತೆರೆದವು. ಸರಕಾರಿ ನೌಕರಿಗಳಲ್ಲಿ ಹಿಂದುಳಿದ ಜಾತಿಗಳಿಗೆ ಮೀಸಲು ಕೊಡುವ ವಿಷಯದಲ್ಲಿ ಅವರಿಗೂ ಮಹಾರಾಜರಿಗೂ ಅಭಿಪ್ರಾಯ ಕೂಡಲಿಲ್ಲ. ಅವರು ದಿವಾನಗಿರಿ ಬಿಟ್ಟರು. ಅಂಥ ಮೀಸಲಾತಿಯ ಫಲವಾಗಿ ಓದಿ ಮುಂದೆ ಬಂದ ಮನೆಗಳು ನಮ್ಮ ಊರುಗಳಲ್ಲಿ ಸಾಕಷ್ಟಿವೆ. ದೊಡ್ಡವರ ಬದುಕನ್ನು ಹೇಳುವಾಗ ಇದನ್ನೂ ಬಿಡದೆ ಹೇಳಬೇಕು. 1955ರಲ್ಲಿ ಅವರಿಗೆ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು.

1998ರಲ್ಲಿ ಬೆಳಗಾವಿಯಲ್ಲಿ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾಯಿತು. ವಿಜಯಪುರದ ಫ.ಗು. ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು ಅದಕ್ಕೇ ಸೇರಿದ್ದು. ಆ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಓದುವ ಮಕ್ಕಳು ಪರಿಸರ ಎಂಜಿನಿಯರಿಂಗ್ ಪ್ರಯೋಗಶಾಲೆಯಲ್ಲಿ ನೀರು ಪರೀಕ್ಷಿಸುವುದನ್ನು ಕಲಿಯುತ್ತಾರೆ. ನೀರಿನ ಗಡಸುತನ ಅಳೆಯಲು ಬಣ್ಣದ ಸೂಚಕ ಬೆರೆಸಿ ಹನಿಹನಿಯಾಗಿ ದ್ರಾವಣ ಬಿಡುತ್ತಾರೆ. ಕೆಂಪು ಬಣ್ಣ ನೀಲಿಗೆ ತಿರುಗಿದ ಹನಿಯಲ್ಲಿ ಲೆಕ್ಕ ಸಿಗುತ್ತದೆ. ಕೆಸರು ನೀರಿನ ಗಾಜುಗಳ ಸಾಲಿಗೆ ಬೇರೆಬೇರೆ ಪ್ರಮಾಣದ ಪಟಿಕ ಹಾಕಿ, ಯಾವುದರಲ್ಲಿ ನೀರು ಚೆನ್ನಾಗಿ ತಿಳಿಯಾಯಿತೆಂದು ನೋಡುತ್ತಾರೆ. ಸಕ್ಕರ್‌ನಲ್ಲಿ ನದಿಯ ಮರಳು ಮಾಡಿದ ಕೆಲಸದ ಹಿಂದಿನ ವಿದ್ಯೆ ಇಂದು ಗಾಜಿನ ಪಾತ್ರೆಯಲ್ಲಿ ಪಾಠವಾಗಿದೆ.

ಆದರೆ ನಮ್ಮ ಊರುಗಳ ತೊಂದರೆ ಸಕ್ಕರ್‌ನದಕ್ಕೆ ತಿರುವುಮುರುವು. ಅಲ್ಲಿ ನೀರಿನ ದೋಷ ಕಣ್ಣಿಗೆ ಕಾಣುತ್ತಿತ್ತು. ಟಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ತೋಟಕ್ಕಾಗಿ, ಮನೆಬಳಕೆಗಾಗಿ ಆಳಕ್ಕೆ ಕೊರೆದ ಬೋರಿನ ನೀರು ಗಾಜಿನಂತೆ ತಿಳಿಯಾಗಿ ಬರುತ್ತದೆ. ಸವಳು ನೀರಾದರೆ ನಾಲಿಗೆ ಹೇಳುತ್ತದೆ, ಬೇಯದ ಬೇಳೆ ಹೇಳುತ್ತದೆ, ನೊರೆ ಬಾರದ ಸಾಬೂನು ಹೇಳುತ್ತದೆ. ಫ್ಲೋರೈಡ್ ಇದ್ದರೆ ಯಾವುದೂ ಹೇಳುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆದೀತು ಎಂದು ಭಾರತೀಯ ಮಾನಕ ಹೇಳುತ್ತದೆ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಹೊಲಕ್ಕೆ ಅತಿಯಾಗಿ ಹಾಕಿದ ಗೊಬ್ಬರದಿಂದ ನೀರಿಗೆ ಇಳಿಯುವ ನೈಟ್ರೇಟ್ ಕೂಡ ಹೀಗೆಯೇ ಕಾಣದ್ದು. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮರಳಿನಲ್ಲಿ ಸೋಸಿದರೂ ಇವು ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ ಅವುಗಳ ಪ್ರಮಾಣ ಏರುತ್ತದೆ. ಇದನ್ನು ತಿಳಿಯಲು ಪರೀಕ್ಷೆ ಬಿಟ್ಟು ಬೇರೆ ದಾರಿಯಿಲ್ಲ.

ವಿಶ್ವೇಶ್ವರಯ್ಯನವರ ಮರಳಿನ ಬಾವಿಯನ್ನು ನಾವು ಹಾಗೆಯೇ ನಕಲು ಮಾಡಿದರೆ ನಮಗೆ ಉಪಯೋಗವಿಲ್ಲ. ಅವರಿಂದ ಪಡೆಯಬೇಕಾದದ್ದು ಅವರ ರೂಢಿಯನ್ನು. ಸಕ್ಕರ್‌ನ ನೀರಿಗೆ ಸಕ್ಕರ್‌ನ ಉಪಾಯ, ಏಡನ್ನಿನ ನೀರಿಗೆ ಏಡನ್ನಿನ ಉಪಾಯ ಮಾಡಿದವರು ಅವರು. ಮೊದಲು ನೀರನ್ನು ಅರಿತು, ಅಳೆದು, ಬರೆದಿಟ್ಟು, ಆಮೇಲೆ ಕೈಯಲ್ಲಿದ್ದ ದುಡ್ಡಿನಲ್ಲಿ ಆಗುವ ದಾರಿ ಹುಡುಕುತ್ತಿದ್ದರು.

ಈ ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಕೆಲಸ ಶುರುವಾಗಲಿ. ಪ್ರತಿವರ್ಷ ಬೇಸಿಗೆಗೆ ಮುಂಚೆ ಒಮ್ಮೆ, ಮಳೆಗಾಲದ ನಂತರ ಒಮ್ಮೆ, ಮಕ್ಕಳು ತಮ್ಮ ಓಣಿಯ ಬೋರು, ಬಾವಿ, ನಲ್ಲಿಯ ನೀರನ್ನು ತೊಳೆದ ಬಾಟಲಿಯಲ್ಲಿ ತರಲಿ. ಊರು, ಜಾಗ, ತಾರೀಖು ಬರೆದ ಚೀಟಿ ಅಂಟಿಸಲಿ. ಶಾಲೆಯಲ್ಲಿ ಆಗುವ ಪರೀಕ್ಷೆ ಶಾಲೆಯಲ್ಲಿ ಆಗಲಿ. ಆಗದ್ದು ನಗರದ ಪ್ರಯೋಗಶಾಲೆಗೆ ಹೋಗಲಿ. ಬಂದ ಅಂಕಿಗಳನ್ನು ಒಂದು ದೊಡ್ಡ ವಹಿಯಲ್ಲಿ ಬರೆದಿಟ್ಟು ಪಂಚಾಯಿತಿಗೂ ಒಂದು ಪ್ರತಿ ಕೊಡಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದಾರೆ, ಔಷಧ ಅಂಗಡಿಯವರಿದ್ದಾರೆ, ತೋಟದ ಒಡೆಯರಿದ್ದಾರೆ. ಬಾಟಲಿಯ ಖರ್ಚು, ಪರೀಕ್ಷೆಯ ಖರ್ಚು ಅವರಿಗೆ ಭಾರವಾಗದು. ನೂರು ವರ್ಷದ ಹಬ್ಬ ಮಾಡುವ ಮಕ್ಕಳು ಆ ವಹಿ ತೆರೆದಾಗ ತಮ್ಮ ಊರಿನ ನೀರಿನ ಐವತ್ತು ವರ್ಷಗಳ ಲೆಕ್ಕ ಅವರ ಕಣ್ಣ ಮುಂದಿರುತ್ತದೆ.