ಗಿಟಾರ್ ನುಡಿಸಲು ಬಾರದ ಗಿಟಾರ್ ಶಿಲ್ಪಿ ಲಿಯೋ ಫೆಂಡರ್

ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ಧ್ವನಿಯನ್ನೇ ಬದಲಿಸಿದ ಅಮೆರಿಕದ ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅದನ್ನು ಶ್ರುತಿಗೊಳಿಸುವುದೂ ಅವರಿಗೆ ತಿಳಿದಿರಲಿಲ್ಲ. ಆದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸಿ, ಆ ವಿದ್ಯುತ್ತನ್ನು ಮತ್ತೆ ನಾದವಾಗಿಸುವ ಬಗೆಯನ್ನು ಅವರಷ್ಟು ದೀರ್ಘಕಾಲ ಧ್ಯಾನಿಸಿದವರು ವಿರಳ.

ವಿದ್ಯುತ್ ಗಿಟಾರ್ ಕಲಾವಿದರಲ್ಲಿ ಅರ್ಧ ಶತಮಾನದಿಂದ ಒಂದು ಚರ್ಚೆ ನಡೆದೇ ಇದೆ. ಬ್ಯಾಟರಿಯ ಹಂಗಿಲ್ಲದ ಪ್ಯಾಸಿವ್ ಪಿಕಪ್‌ನ ನಾದ ಉತ್ತಮವೋ, ಬ್ಯಾಟರಿಯ ಬಲದಿಂದ ಕೆಲಸ ಮಾಡುವ ಆಕ್ಟಿವ್ ವ್ಯವಸ್ಥೆಯ ನಾದ ಉತ್ತಮವೋ ಎಂಬುದೇ ಆ ಚರ್ಚೆ. ಪ್ಯಾಸಿವ್ ಪಕ್ಷದವರು ಸಾಕ್ಷಿಯಾಗಿ ತೋರಿಸುವ ಹೆಸರಾಂತ ವಾದ್ಯಗಳೂ, ಆಕ್ಟಿವ್ ಪಕ್ಷದವರು ಮುಂದಿಡುವ ಹೆಸರಾಂತ ವಾದ್ಯವೂ ಒಬ್ಬರದೇ ಕಾರ್ಯಾಗಾರದಿಂದ ಹೊರಬಂದವು ಎಂಬುದು ಫೆಂಡರ್ ಅವರ ಬದುಕಿನ ವಿಶೇಷ.

ಕಿತ್ತಳೆ ತೋಟದಿಂದ ರೇಡಿಯೊ ಅಂಗಡಿಗೆ

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಜನಿಸಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದ ಅನಾಹೈಮ್ ಸಮೀಪದ ಕೃಷಿಕ ಕುಟುಂಬದಲ್ಲಿ. ತಂದೆ-ತಾಯಿಗೆ ಕಿತ್ತಳೆ ತೋಟವಿತ್ತು. ಎಂಟು ವರ್ಷದ ಆಸುಪಾಸಿನಲ್ಲಿ ಗಡ್ಡೆಯೊಂದರಿಂದಾಗಿ ಬಾಲಕ ಎಡಗಣ್ಣನ್ನು ಕಳೆದುಕೊಂಡ. ಮುಂದೆ ಜೀವನಪೂರ್ತಿ ಗಾಜಿನ ಕಣ್ಣೇ ಗತಿಯಾಯಿತು.

ಬಾಲ್ಯದಲ್ಲಿ ಪಿಯಾನೊ ಪಾಠವಾಯಿತು, ಸ್ಯಾಕ್ಸೋಫೋನ್ ಕಲಿಕೆಯೂ ನಡೆಯಿತು. ಆದರೆ ಮನಸ್ಸು ನೆಟ್ಟಿದ್ದು ರೇಡಿಯೊದ ಮೇಲೆ. ವಾಹನಗಳ ವಿದ್ಯುತ್ ಭಾಗಗಳ ಅಂಗಡಿ ನಡೆಸುತ್ತಿದ್ದ ಸೋದರ ಸಂಬಂಧಿ ಹಿರಿಯರೊಬ್ಬರ ಬಳಿ ಕಂಡ ರೇಡಿಯೊ ಹುಡುಗನನ್ನು ಸೆಳೆಯಿತು. 1928ರಲ್ಲಿ ಶಾಲಾ ಶಿಕ್ಷಣ ಮುಗಿಸಿದ ಲಿಯೋ ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರವನ್ನು. ಎಲೆಕ್ಟ್ರಾನಿಕ್ಸ್‌ನಲ್ಲಿ ಅವರು ಯಾವ ಪದವಿಯನ್ನೂ ಪಡೆಯಲಿಲ್ಲ. 1934ರಲ್ಲಿ ಎಸ್ತರ್ ಅವರನ್ನು ವಿವಾಹವಾದರು. ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಲೆಕ್ಕಿಗನ ನೌಕರಿ ಕೈತಪ್ಪಿದಾಗ, 600 ಡಾಲರ್ ಸಾಲ ಮಾಡಿ 1938ರಲ್ಲಿ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿ ಅಂಗಡಿ ತೆರೆದರು.

ಸುತ್ತಮುತ್ತಲ ವಾದ್ಯಗಾರರು ತಮ್ಮ ಆಂಪ್ಲಿಫೈಯರ್‌ಗಳನ್ನು ರಿಪೇರಿಗಾಗಿ ಅಲ್ಲಿಗೇ ತರುತ್ತಿದ್ದರು. ಯಾವುದು ಎಲ್ಲಿ ಕೆಡುತ್ತದೆ, ಕಲಾವಿದನಿಗೆ ಯಾವುದು ಕಿರಿಕಿರಿ ಎಂಬುದನ್ನು ಫೆಂಡರ್ ಕಲಿತದ್ದು ಈ ಅಂಗಡಿಯ ಮೇಜಿನ ಮೇಲೆ. ಡಾಕ್ ಕಾಫ್‌ಮನ್ ಅವರೊಡಗೂಡಿ ರೂಪಿಸಿದ ಪಿಕಪ್‌ಗೆ 1944ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಅದು ಮಂಜೂರಾದದ್ದು 1948ರಲ್ಲಿ. ಇಬ್ಬರೂ ಸೇರಿ ಆರಂಭಿಸಿದ ಉದ್ದಿಮೆಯಿಂದ ಕಾಫ್‌ಮನ್ 1946ರಲ್ಲಿ ಹೊರನಡೆದರು. ಫೆಂಡರ್ ಒಬ್ಬರೇ ಮುಂದುವರಿದರು.

ಬ್ಯಾಟರಿ ಇಲ್ಲದ ನಾದ

ವೀಣೆಯ ನಾದಕ್ಕೆ ಅದರ ಕೊಡವೇ ಆಸರೆ. ತಂತಿಯ ಕಂಪನ ಟೊಳ್ಳಾದ ಕೊಡದಲ್ಲಿ ತುಂಬಿಕೊಂಡು ಹೊರಹೊಮ್ಮುತ್ತದೆ. ಫೆಂಡರ್ ಅವರ ಗಿಟಾರ್‌ನಲ್ಲಿ ಟೊಳ್ಳೇ ಇಲ್ಲ. ಅದು ಗಟ್ಟಿ ಮರದ ಹಲಗೆ. ಅಲ್ಲಿ ನಾದವನ್ನು ಹಿಡಿಯುವ ಹೊಣೆ ಪೂರ್ತಿಯಾಗಿ ಪಿಕಪ್‌ನದು.

ಪಿಕಪ್‌ನ ರಚನೆ ಸರಳ. ಅಯಸ್ಕಾಂತದ ಸಣ್ಣ ಕಡ್ಡಿಗಳ ಸುತ್ತ ಕೂದಲಿಗಿಂತ ದಪ್ಪವಲ್ಲದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಲಾಗುತ್ತದೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಅಲ್ಪ ವಿದ್ಯುತ್ ಹುಟ್ಟುತ್ತದೆ. ಅದು ಕೇಬಲ್ ಮೂಲಕ ಆಂಪ್ಲಿಫೈಯರ್ ತಲುಪುತ್ತದೆ. ಇಲ್ಲಿ ಹೊರಗಿನ ಶಕ್ತಿಯ ನೆರವಿಲ್ಲ. ಇದೇ ಪ್ಯಾಸಿವ್ ವಿಧಾನ.

ಈ ವಿಧಾನದಲ್ಲಿಯೇ 1951ರಲ್ಲಿ ಟೆಲಿಕಾಸ್ಟರ್ ಆ ಹೆಸರಿನಿಂದ ಮಾರುಕಟ್ಟೆಗೆ ಬಂತು. ಅದೇ ವರ್ಷ ಪ್ರಿಸಿಷನ್ ಬೇಸ್ ಹೊರಬಂತು. ಆಳೆತ್ತರದ ಬೇಸ್ ವಾದ್ಯವನ್ನು ಹೊತ್ತು ತಿರುಗುತ್ತಿದ್ದ ಕಲಾವಿದರ ಹೆಗಲಿಗೆ ಅದು ಹಗುರವಾದ ಬದಲಿ ವಾದ್ಯವಾಯಿತು. 1954ರಲ್ಲಿ ಮೂರು ಪಿಕಪ್‌ಗಳ ಸ್ಟ್ರಾಟೋಕಾಸ್ಟರ್ ಬಂತು. ಅದರ ಒಂದೊಂದು ಪಿಕಪ್‌ನಲ್ಲಿ ತಾಮ್ರದ ತಂತಿಯ ಸುತ್ತುಗಳ ಸಂಖ್ಯೆ ಸುಮಾರು 8 ಸಾವಿರ. ಜಾರ್ಜ್ ಫುಲರ್ಟನ್, ಫ್ರೆಡ್ಡಿ ಟವಾರೆಸ್ ಮೊದಲಾದ ಸಹೋದ್ಯೋಗಿಗಳು ಈ ಸಾಹಸದಲ್ಲಿ ಜೊತೆಗಿದ್ದರು. ತಮಗೆ ನುಡಿಸಲು ಬಾರದ ಕಾರಣ ಫೆಂಡರ್ ಪ್ರತಿಯೊಂದು ಮಾದರಿಯನ್ನೂ ವೃತ್ತಿನಿರತ ವಾದ್ಯಗಾರರ ಕೈಗಿತ್ತು, ಅವರ ಮಾತು ಕೇಳಿ ತಿದ್ದುತ್ತಿದ್ದರು.

ಪ್ಯಾಸಿವ್ ಪಿಕಪ್‌ಗೆ ದೋಷಗಳೂ ಇದ್ದವು. ಒಂಟಿ ಸುರುಳಿಯು ಸುತ್ತಲಿನ ವಿದ್ಯುತ್ ಉಪಕರಣಗಳ ಗುಂಯ್‌ಗುಡುವ ಸದ್ದನ್ನೂ ಹಿಡಿದುಬಿಡುತ್ತಿತ್ತು. ಕೇಬಲ್ ಉದ್ದವಾದಷ್ಟೂ ತಾರಸ್ಥಾಯಿಯ ಹೊಳಪು ಮಾಸುತ್ತಿತ್ತು. ಟೋನ್ ಗುಂಡಿಯಿಂದ ಆ ಹೊಳಪನ್ನು ತಗ್ಗಿಸಬಹುದಿತ್ತೇ ಹೊರತು ಹೆಚ್ಚಿಸುವಂತಿರಲಿಲ್ಲ. ಇಲ್ಲದ್ದನ್ನು ಸೇರಿಸಲು ಪ್ಯಾಸಿವ್ ಮಂಡಲಕ್ಕೆ ಶಕ್ತಿಯೇ ಇಲ್ಲ.

ಕಾಯಿಲೆ, ಮಾರಾಟ, ಮೌನ

ಕೀರ್ತಿ ಏರುತ್ತಿದ್ದಂತೆಯೇ ದೇಹ ಸೋಲತೊಡಗಿತು. 1950ರ ದಶಕದ ಮಧ್ಯದಲ್ಲಿ ತಗುಲಿದ ಸೈನಸ್ ಸೋಂಕು ವರ್ಷಗಳ ಕಾಲ ಕಾಡಿತು. ತಾವು ಹೆಚ್ಚು ಕಾಲ ಬದುಕುವುದಿಲ್ಲವೆಂದು ಭಾವಿಸಿದ ಫೆಂಡರ್, 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರ್‌ಗೆ ಮಾರಿದರು. ವಿಧಿಯ ಆಟ ನೋಡಿ: ಮಾರಾಟವಾದ ಕೆಲ ಕಾಲದಲ್ಲೇ ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ಅವರು ಗುಣಮುಖರಾದರು.

ಆರೋಗ್ಯ ಮರಳಿತು, ಕಂಪನಿ ಮರಳಲಿಲ್ಲ. ಅವರ ಹೆಸರು ಈಗ ಇನ್ನೊಬ್ಬರ ಸೊತ್ತು. ಹತ್ತು ವರ್ಷ ಪೈಪೋಟಿಗಿಳಿಯಬಾರದೆಂಬ ಕರಾರು ಬೇರೆ. ಇತ್ತ ಜಿಮಿ ಹೆಂಡ್ರಿಕ್ಸ್ ಅವರ ಕೈಯಲ್ಲಿ ಸ್ಟ್ರಾಟೋಕಾಸ್ಟರ್ ಜಗತ್ತನ್ನೇ ಬೆರಗುಗೊಳಿಸುತ್ತಿತ್ತು. ಅದರ ಜನಕ ಮಾತ್ರ ತನ್ನ ಪ್ರಯೋಗಾಲಯದಲ್ಲಿ ಸಲಹೆಗಾರನಾಗಿ ಕುಳಿತಿದ್ದರು.

ಎರಡನೇ ಇನಿಂಗ್ಸ್

ಹಳೆಯ ಸಹೋದ್ಯೋಗಿಗಳಾದ ಫಾರೆಸ್ಟ್ ವೈಟ್ ಮತ್ತು ಟಾಮ್ ವಾಕರ್ ಹೊಸ ಕಂಪನಿಯೊಂದನ್ನು ಕಟ್ಟಿದ್ದರು. 1974ರಲ್ಲಿ ಅದು ಮ್ಯೂಸಿಕ್ ಮ್ಯಾನ್ ಎಂಬ ಹೆಸರು ಪಡೆಯಿತು. ಕರಾರಿನ ಅವಧಿ ಮುಗಿದ 1975ರಲ್ಲಿ ಫೆಂಡರ್ ಅದರ ಅಧ್ಯಕ್ಷರಾದರು. ಆಗ ಅವರ ವಯಸ್ಸು 65 ದಾಟಿತ್ತು. ಹಳೆಯ ಮಾದರಿಯನ್ನೇ ಹೊಸ ಹೆಸರಿನಲ್ಲಿ ಮಾರಿದ್ದರೂ ಕೊಳ್ಳುವವರು ಇರುತ್ತಿದ್ದರು. ಅವರು ಆ ಹಾದಿ ಹಿಡಿಯಲಿಲ್ಲ. ತಮ್ಮದೇ ವಿನ್ಯಾಸದ ಕುಂದುಗಳನ್ನು ನೀಗಿಸಲು ಹೊರಟರು.

1976ರಲ್ಲಿ ಬಂದ ಸ್ಟಿಂಗ್‌ರೇ ಬೇಸ್ ಅದರ ಫಲ. ಅದರಲ್ಲಿ ಎಂಟು ದಪ್ಪ ಅಯಸ್ಕಾಂತಗಳ, ಎರಡು ಸುರುಳಿಗಳ ಒಂದೇ ಪಿಕಪ್. ಜೋಡಿ ಸುರುಳಿಗಳು ಗುಂಯ್‌ಗುಡುವ ಸದ್ದನ್ನು ಪರಸ್ಪರ ಅಳಿಸಿಹಾಕುತ್ತಿದ್ದವು. ವಾದ್ಯದ ಒಡಲೊಳಗೇ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ರೀ-ಆಂಪ್ ಇತ್ತು. ಮಂದ್ರ ಮತ್ತು ತಾರ ಅಂಶಗಳಿಗೆ ಪ್ರತ್ಯೇಕ ಗುಂಡಿಗಳಿದ್ದವು. ಪ್ರೀ-ಆಂಪ್ ವಿನ್ಯಾಸದಲ್ಲಿ ಟಾಮ್ ವಾಕರ್ ಅವರ ಪಾಲು ದೊಡ್ಡದು. ವಾದ್ಯದೊಳಗೆ ವಿದ್ಯುನ್ಮಂಡಲ ಅಳವಡಿಸುವ ಯತ್ನಗಳು ಮೊದಲೂ ನಡೆದಿದ್ದವು. ಅಲೆಂಬಿಕ್ ಸಂಸ್ಥೆ ಅಂತಹ ದುಬಾರಿ ಬೇಸ್‌ಗಳನ್ನು ಕೈಯಿಂದಲೇ ತಯಾರಿಸುತ್ತಿತ್ತು. ಸಾಮಾನ್ಯ ವೃತ್ತಿಗಾರರ ಕೈಗೆ ಆಕ್ಟಿವ್ ಬೇಸ್ ತಲುಪುವಂತೆ ಮಾಡಿದ ಹಿರಿಮೆ ಬಹುಪಾಲು ಸ್ಟಿಂಗ್‌ರೇಗೆ ಸಲ್ಲಬೇಕು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ಟಿಂಗ್‌ರೇಯ ಪಿಕಪ್ ಸ್ವತಃ ಪ್ಯಾಸಿವ್ ಆಗಿಯೇ ಇತ್ತು. ಆಕ್ಟಿವ್ ಆಗಿದ್ದದ್ದು ಅದರ ಹಿಂದಿನ ಪ್ರೀ-ಆಂಪ್. ನಿಜವಾದ ಆಕ್ಟಿವ್ ಪಿಕಪ್‌ನಲ್ಲಿ ಸುರುಳಿಯ ಸುತ್ತುಗಳು ಕಡಿಮೆ, ಪ್ರೀ-ಆಂಪ್ ಪಿಕಪ್‌ನ ಕವಚದೊಳಗೇ ಇರುತ್ತದೆ. ರಾಬ್ ಟರ್ನರ್ 1970ರ ದಶಕದಲ್ಲಿ ಕಟ್ಟಿ ಬೆಳೆಸಿದ ಇಎಂಜಿ ಸಂಸ್ಥೆ ಈ ಬಗೆಗೆ ಹೆಸರುವಾಸಿಯಾಯಿತು.

ಕಿವಿಗೆ ಕೇಳುವ ವ್ಯತ್ಯಾಸ

ಎರಡರ ನಾದದಲ್ಲಿ ಏನು ಅಂತರ? ಆಕ್ಟಿವ್ ವ್ಯವಸ್ಥೆಯಲ್ಲಿ ಪ್ರೀ-ಆಂಪ್ ಸಂಕೇತವನ್ನು ಬಲಪಡಿಸಿಯೇ ಹೊರಗೆ ಕಳುಹಿಸುತ್ತದೆ. ಹಾಗಾಗಿ ಕೇಬಲ್ ಎಷ್ಟೇ ಉದ್ದವಿದ್ದರೂ ಸ್ವರ ಮಂಕಾಗುವುದಿಲ್ಲ. ಸದ್ದುಗದ್ದಲ ಕಡಿಮೆ. ಮಂದ್ರವನ್ನಾಗಲಿ ತಾರವನ್ನಾಗಲಿ ತಗ್ಗಿಸುವಷ್ಟೇ ಸುಲಭವಾಗಿ ಎತ್ತಲೂಬಹುದು. ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವ ಫಂಕ್ ಶೈಲಿಗೆ ಈ ಸ್ಪಷ್ಟತೆ ಹೇಳಿ ಮಾಡಿಸಿದಂತಿತ್ತು. ಶಿಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಅವರ ಕೈಯಲ್ಲಿ ಸ್ಟಿಂಗ್‌ರೇ ಡಿಸ್ಕೋ ಯುಗದ ಮಿಡಿತವಾಯಿತು.

ಪ್ಯಾಸಿವ್ ಪಿಕಪ್‌ನ ಸೊಗಸು ಬೇರೆಯೇ. ಅಲ್ಲಿ ಸುರುಳಿ, ಗುಂಡಿ, ಕೇಬಲ್, ಆಂಪ್ಲಿಫೈಯರ್ ಎಲ್ಲವೂ ಒಂದನ್ನೊಂದು ಪ್ರಭಾವಿಸುತ್ತವೆ. ವಾಲ್ಯೂಮ್ ಗುಂಡಿಯನ್ನು ತುಸು ತಿರುಗಿಸಿದರೂ ನಾದದ ಬಣ್ಣವೇ ಬದಲಾಗುತ್ತದೆ. ಹೆಂಡ್ರಿಕ್ಸ್ ಅವರಂತಹವರು ಫಜ್ ಉಪಕರಣದ ಮೊರೆತವನ್ನು ಕೇವಲ ಗಿಟಾರ್‌ನ ಗುಂಡಿಯಿಂದ ಶುಭ್ರ ಸ್ವರಕ್ಕಿಳಿಸುತ್ತಿದ್ದುದು ಈ ಗುಣದಿಂದಲೇ. ಆಕ್ಟಿವ್ ಪಿಕಪ್ ಜೊತೆ ಅಂತಹ ಹಳೆಯ ಫಜ್ ಉಪಕರಣಗಳು ಅಷ್ಟಾಗಿ ಹೊಂದುವುದಿಲ್ಲ. ಆಕ್ಟಿವ್ ನಾದ ತೀರಾ ಸಮತಟ್ಟು, ಬೆರಳಿನ ಹಗುರ-ಬಿರುಸುಗಳು ಅಲ್ಲಿ ಮಾಸುತ್ತವೆ ಎಂದು ದೂರುವವರಿದ್ದಾರೆ. ಬ್ಯಾಟರಿ ಮುಗಿದರೆ ವೇದಿಕೆಯಲ್ಲೇ ಸ್ವರ ಉಡುಗುವ ಭಯವೂ ಇದೆ.

ಕಲಾವಿದರು ಮಾತ್ರ ಒಂದೇ ಪಕ್ಷಕ್ಕೆ ಅಂಟಿಕೊಂಡಿಲ್ಲ. ಮೆಟಾಲಿಕಾ ತಂಡದ ಬಿಗಿಯಾದ, ಗಡಸು ನಾದಕ್ಕೆ ಇಎಂಜಿ ಆಕ್ಟಿವ್ ಪಿಕಪ್‌ಗಳು ಆಧಾರ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 1970ರ ದಶಕದಲ್ಲಿ ಪ್ಯಾಸಿವ್ ಪಿಕಪ್‌ನ ಕಪ್ಪು ಸ್ಟ್ರಾಟೋಕಾಸ್ಟರ್ ಹಿಡಿದಿದ್ದರೆ, 1994ರ ಪ್ರವಾಸದಲ್ಲಿ ಇಎಂಜಿ ಅಳವಡಿಸಿದ ಕೆಂಪು ಸ್ಟ್ರಾಟೋಕಾಸ್ಟರ್ ನುಡಿಸಿದರು.

ಒಂದೇ ವಾದ್ಯ, ಎರಡು ನಾದ

ಸ್ಟಿಂಗ್‌ರೇ ಬೇಸ್ ಗೆದ್ದಿತು. ಆದರೆ ಅದೇ ತತ್ವದ ಸ್ಟಿಂಗ್‌ರೇ ಗಿಟಾರ್ ಅಷ್ಟಾಗಿ ಮಾರಾಟವಾಗಲಿಲ್ಲ. ಆಂಪ್ಲಿಫೈಯರ್‌ನಲ್ಲಿ ತುಸು ಒಡೆದು ಬರುವ ಬೆಚ್ಚನೆಯ ಸ್ವರಕ್ಕೆ ಒಗ್ಗಿದ್ದ ಗಿಟಾರ್ ವಾದಕರಿಗೆ ಅತಿ ಶುಭ್ರತೆ ಬೇಕಿರಲಿಲ್ಲ. ಪಾಲುದಾರರೊಂದಿಗೆ ಭಿನ್ನಾಭಿಪ್ರಾಯವೂ ಬೆಳೆಯಿತು. 1979ರಲ್ಲಿ ಫೆಂಡರ್ ಆ ನಂಟು ಕಡಿದುಕೊಂಡರು. 45 ವರ್ಷ ಜೊತೆಗಿದ್ದ ಪತ್ನಿ ಎಸ್ತರ್ ಕ್ಯಾನ್ಸರ್‌ನಿಂದ ತೀರಿಕೊಂಡದ್ದೂ ಅದೇ ವರ್ಷ.

ಎಪ್ಪತ್ತರ ಹೊಸ್ತಿಲಲ್ಲಿ ಎಲ್ಲವನ್ನೂ ಮೊದಲಿನಿಂದ ಆರಂಭಿಸುವುದು ಸುಲಭವಲ್ಲ. ಹಳೆಯ ಗೆಳೆಯ ಜಾರ್ಜ್ ಫುಲರ್ಟನ್ ಜೊತೆಗೂಡಿ ಅವರು ಜಿ ಆ್ಯಂಡ್ ಎಲ್ ಸಂಸ್ಥೆಯನ್ನು ಸ್ಥಾಪಿಸಿದರು. 1980ರ ಎಲ್-2000 ಬೇಸ್‌ನಲ್ಲಿ ಫೆಂಡರ್ ಒಂದು ಸಣ್ಣ ಸ್ವಿಚ್ ಇಟ್ಟರು. ಒಂದು ಸ್ಥಾನದಲ್ಲಿ ಪ್ರೀ-ಆಂಪ್ ಪಕ್ಕಕ್ಕೆ ಸರಿದು ವಾದ್ಯ ಪೂರ್ತಿ ಪ್ಯಾಸಿವ್, ಮತ್ತೊಂದರಲ್ಲಿ ಆಕ್ಟಿವ್, ಮೂರನೆಯದರಲ್ಲಿ ತಾರಸ್ಥಾಯಿಗೆ ಹೆಚ್ಚಿನ ಒತ್ತು. ತಮ್ಮ ಜೀವನದ ಎರಡು ಅಧ್ಯಾಯಗಳನ್ನು ಒಂದೇ ಹಲಗೆಯ ಮೇಲೆ ಜೋಡಿಸಿ, ಆಯ್ಕೆಯನ್ನು ನುಡಿಸುವವನ ಬೆರಳಿಗೇ ಬಿಟ್ಟರು.

ಅದೇ ಕಾರ್ಖಾನೆಯಲ್ಲಿ ಪಿಕಪ್‌ನ ಮೂಲವನ್ನೂ ಅವರು ಮರುಚಿಂತಿಸಿದರು. ಅಯಸ್ಕಾಂತದ ಕಡ್ಡಿಗಳ ಬದಲು ತಳದಲ್ಲಿ ಸೆರಾಮಿಕ್ ಅಯಸ್ಕಾಂತದ ಪಟ್ಟಿ, ಮೇಲೆ ಎತ್ತರ ಹೊಂದಿಸಬಹುದಾದ ಮೃದು ಕಬ್ಬಿಣದ ಮೊಳೆಗಳು. ಬ್ಯಾಟರಿಯಿಲ್ಲದೆಯೂ ಹೆಚ್ಚು ಬಲ ಮತ್ತು ಹೆಚ್ಚು ಸ್ಪಷ್ಟತೆ ಪಡೆಯುವ ಪ್ರಯತ್ನವದು. ಈ ಕೊನೆಯ ವಾದ್ಯಗಳೇ ತಮ್ಮ ಅತ್ಯುತ್ತಮ ಕೃತಿಗಳೆಂದು ಅವರು ದೃಢವಾಗಿ ನಂಬಿದ್ದರು. ಮಾರುಕಟ್ಟೆ ಮಾತ್ರ ಅವರ 1950ರ ದಶಕದ ಗಿಟಾರ್‌ಗಳಿಗೇ ಚಿನ್ನದ ಬೆಲೆ ಕಟ್ಟತೊಡಗಿತು. ತಾನು ತಿದ್ದಿ ಮುಂದೆ ಸಾಗಿದ್ದನ್ನೇ ಜಗತ್ತು ಪೂಜಿಸುವುದನ್ನು ನೋಡುವ ಯೋಗ ಆ ಹಿರಿಯರದಾಯಿತು.

ಕೊನೆಯವರೆಗೂ ಕೆಲಸ

ಮುಪ್ಪಿನಲ್ಲಿ ಪಾರ್ಕಿನ್ಸನ್ ಕಾಯಿಲೆ ಆವರಿಸಿತು. ಕೈ ನಡುಗಿದರೂ ಕೆಲಸ ನಿಲ್ಲಲಿಲ್ಲ. ಸಾವಿನ ಹಿಂದಿನ ದಿನವೂ ಕಾರ್ಖಾನೆಗೆ ಹೋಗಿದ್ದರು. 1991ರ ಮಾರ್ಚ್ 21ರಂದು, 81ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಮರುವರ್ಷ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು. 2009ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಮರಣೋತ್ತರವಾಗಿ ಸಂದಿತು.

ಪ್ಯಾಸಿವ್ ಮೇಲೋ ಆಕ್ಟಿವ್ ಮೇಲೋ ಎಂಬ ವಾದ ಅವರೊಂದಿಗೆ ಮುಗಿಯಲಿಲ್ಲ. ಆದರೆ ಗಿಟಾರ್ ಕೊಳ್ಳಲು ಹೊರಟ ಯುವಕ-ಯುವತಿಯರಿಗೆ ಅವರ ಬದುಕಿನಲ್ಲೊಂದು ಹಿತವಚನವಿದೆ. ಬೆರಳಿನ ಸೂಕ್ಷ್ಮ ಏರಿಳಿತ, ಹಳೆಯ ಬೆಚ್ಚನೆಯ ಬಣ್ಣ ಬೇಕಿದ್ದವರಿಗೆ ಪ್ಯಾಸಿವ್. ನಿಶ್ಶಬ್ದ ಹಿನ್ನೆಲೆ, ದೂರದ ವೇದಿಕೆಯಲ್ಲೂ ಮಾಸದ ಸ್ಪಷ್ಟತೆ ಬೇಕಿದ್ದವರಿಗೆ ಆಕ್ಟಿವ್. ಯಾವುದನ್ನು ಆರಿಸಿದರೂ ಆ ದಾರಿಯಲ್ಲಿ ಫುಲರ್ಟನ್‌ನ ರೇಡಿಯೊ ಮೆಕ್ಯಾನಿಕ್ ಮೊದಲೇ ನಡೆದುಹೋಗಿದ್ದಾರೆ.